ಜನವರಿ ಒಂದರ ಕೇಕ್

ಬಾಗಿ ಹುಟ್ಟಿದ ದಿನ ಯಾವುದೆಂದು ಅವಳನ್ನು ಹೆತ್ತವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಆಟಿ ತಿಂಗಳ ಮಳೆಗೆ ಗದ್ದೆಯ ಕಟ್ಟೆ ಒಡೆದ ದಿನ ಎಂದಷ್ಟೇ ಆಕೆ ಹೇಳುತ್ತಿದ್ದಳು. ಮುಂಬಯಿ ಹತ್ತಿರದ ಕಳವಾ ಎಂಬಲ್ಲಿ, ಅವರಿದ್ದ ಕಡೆ, ಆಧಾರ್ ಕಾರ್ಡಿನ ಕ್ಯಾಂಪ್ ಹಾಕಿದಾಗ ಕಂಪ್ಯೂಟರಿನ ಮುಂದೆ ಕುಳಿತಿದ್ದವನಿಗೆ ಆಟಿಯೂ ಬೇಕಿರಲಿಲ್ಲ, ಗದ್ದೆಯೂ ಬೇಕಿರಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಅವನು ಜನವರಿ ಒಂದು ಎಂದು ಒತ್ತಿ, "ಚಲೋ ಮಾವ್ಶಿ, ಆಗೇ ಬಢೋ" ಎಂದು ಮುಂದಕ್ಕೆ ಕಳಿಸಿದ. ಹಾಗೆ ನೋಡಿದರೆ ಅವರ ವಠಾರದ, ಆ ಚಾಳಿನ ಅರ್ಧಕ್ಕರ್ಧ ಹೆಂಗಸರು ಜನವರಿ ಒಂದರಂದೇ ಭೂಮಿಗೆ ಬಂದವರು! ಯಾರೂ ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. ಹಚ್ಚಿಕೊಂಡವನು ಒಬ್ಬನೇ, ಬಾಗಿಯ ಮಗ ಸೂರಜ್.

"ಕಾರ್ಡಲ್ಲಿ ಉಂಟು ಅಂದ್ಮೇಲೆ ಉಂಟು. ನಿಂಗೂ ಒಂದು ಬರ್ತ್‌ಡೇ ಆಗ್ಲಿ ಅಮ್ಮ," ಎಂದು ಅವನು ನಗಾಡುತ್ತಿದ್ದ.

ನಗಾಟ ನಗಾಟವಾಗಿಯೇ ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು. ಕಳೆದ ಜನವರಿ ಒಂದರ ಸಂಜೆ ನೆರೂಳಿನ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮುಗಿಸಿ, ತಾಯಿಗೆಂದು ಅನಾನಸ್ ಕೇಕ್ ತೆಗೆದುಕೊಂಡು ಹೊರಟವನು ಠಾಣೆ ದಾಟಿ ಕಳವಾ ಇನ್ನೇನು ಬಂತು ಎನ್ನುವಾಗ ಲೋಕಲ್ ರೈಲಿನ ಬಾಗಿಲಿನಿಂದ ಬಿದ್ದು ಸತ್ತ. ಇಪ್ಪತ್ತನಾಲ್ಕರ ಪ್ರಾಯ. ಪೊಲೀಸರು ಹಿಂದಿರುಗಿಸಿದ ಸಾಮಾನಿನಲ್ಲಿ ಒಂದು ವಾಚು, ಒಡೆದ ಮೊಬೈಲು, ಹೆಗಲ ಚೀಲ ಮತ್ತು ಕೇಕಿನ ಡಬ್ಬಿಯ ಚಪ್ಪಟೆಯಾದ ಮುಚ್ಚಳ ಇದ್ದವು. ಮುಚ್ಚಳದ ಮೇಲೆ ಗುಲಾಬಿ ಬಣ್ಣದ ಸ್ಟಿಕರ್. ಅದರಲ್ಲಿ ಪ್ರೇಕ್ಷಾ ಎಂಬ ಹೆಸರು, ನೆರೂಳಿನ ಸೆಕ್ಟರು, ಒಂದು ಫೋನ್ ನಂಬರು.

ಗರ್ದಿಯ ನೂಕುನುಗ್ಗಲಿನಲ್ಲಿ ಬಿದ್ದ ಎಂದು ಎಲ್ಲರೂ ಅತ್ತರು. ಆದರೆ ಹನ್ನೆರಡನೆಯ ದಿನ, ಅದೇ ಬಾಗಿಲಲ್ಲಿ ನಿಂತಿದ್ದ ಜಯೇಶ್ ಎಂಬ ಪಕ್ಕದ ಚಾಳಿನ ಗುಜರಾತಿ ಹುಡುಗ ಮನೆಗೆ ಬಂದು, ತಲೆ ತಗ್ಗಿಸಿ ಕುಳಿತು, ಒಂದು ಮಾತು ಹೇಳಿ ಹೋದ. "ಅಂಕಲ್, ಅವನು ಬಾಗಿಲಿನ ರಾಡ್ ಹಿಡಿದಿರಲೇ ಇಲ್ಲ. ನನಗೆ ಅವನ ಮುಖ ಮಾತ್ರ ಕಾಣ್ತಿತ್ತು. ಪಕಡ್ ಪಕಡ್ ಅಂತ ಕೂಗಿದೆ. ಅವನು ಹಿಡೀಲೇ ಇಲ್ಲ." ಪಾಪ, ಮನಸ್ಸಿನ ಭಾರ ಇಳಿಸಿಕೊಳ್ಳಲು ಬಂದಿದ್ದ ಅಷ್ಟೇ. ಇಳಿಸಿದ್ದು ಎಲ್ಲಿ ಎಂದು ಅವನಿಗೆ ತಿಳಿಯಲಿಲ್ಲ.

ಬಾಗಿಯ ಗಂಡ ಚೆನ್ನಯ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವನು. ಸೂರಜ್ ಸತ್ತ ದಿನ ಬೆಳಗ್ಗೆ ಅವನಿಗೂ ಮಗನಿಗೂ ಜಗಳವಾಗಿತ್ತು. ಚೆನ್ನಯನ ಅಣ್ಣ ಕಮಲಾಕ್ಷ ಊರಿನ ಕಡೆಯಿಂದ ತಂದ ಒಂದು ಮದುವೆ ಸಂಬಂಧವನ್ನು ಸೂರಜ್ ಒಪ್ಪಿರಲಿಲ್ಲ. ಚಾ ಕುಡಿಯುತ್ತ ಮಾತಿಗೆ ಮಾತು ಬೆಳೆಯಿತು. "ನನ್ನ ಮಾತು ಬೇಡಾದವ ಈ ಮನೆ ಹೊಸ್ತಿಲು ತುಳೀಬೇಡ," ಎಂದ ಚೆನ್ನಯ. ಎಷ್ಟು ತಂದೆಯರು ಎಷ್ಟು ಸಲ ಆಡಿಲ್ಲ ಇಂಥ ಮಾತು! ಸಂಜೆ ಮಕ್ಕಳು ಬರುತ್ತಾರೆ, ಉಣ್ಣುತ್ತಾರೆ, ಮರುದಿನ ಮತ್ತೆ ಜಗಳವಾಡುತ್ತಾರೆ. ಸೂರಜ್ ಬರಲಿಲ್ಲ. ಜಯೇಶ್ ಹೋದ ಮೇಲೆ ಚೆನ್ನಯ ಗೋಡೆಗೆ ಒರಗಿ, "ಅವ ಬಿದ್ದದ್ದಲ್ಲ ಬಾಗಿ. ಬಿಟ್ಟದ್ದು," ಎಂದ. ಅಲ್ಲಿಂದ ಮುಂದೆ ಅವನು ಲೋಕಲ್ ಹತ್ತಲಿಲ್ಲ, ಚಾ ಕುಡಿಯಲಿಲ್ಲ, ಮಗನ ಹೆಸರು ಎತ್ತಲಿಲ್ಲ.

ಬಾಗಿ ನಂಬಲಿಲ್ಲ. ನಂಬದೆಯೂ ಇರಲಾಗಲಿಲ್ಲ. ಕಾಲೇಜಿನ ದಿನಗಳಿಂದ ಲೋಕಲ್ಲಿನಲ್ಲೇ ಬೆಳೆದ ಹುಡುಗ, ಬಾಗಿಲಲ್ಲಿ ನಿಂತರೆ ಮೊದಲು ರಾಡ್ ಹಿಡಿಯುವವನು, ಅಂದು ಏಕೆ ಹಿಡಿಯಲಿಲ್ಲ? ಕೇಕ್ ಇತ್ತು, ಸರಿ. ಸಾಮಾನು ಇದ್ದವರು ಚೀಲದಲ್ಲಿ ಹಾಕಿ ಮಣಿಕಟ್ಟಿಗೆ ನೇತು ಹಾಕಿಕೊಳ್ಳುತ್ತಾರೆ, ಇಲ್ಲವೇ ಒಳಗೆ ಕುಳಿತವರ ಕೈಗೆ ದಾಟಿಸುತ್ತಾರೆ. ಅಷ್ಟು ತಿಳಿಯದ ಪೆದ್ದನೇ ಅವನು? ಪಾತ್ರೆ ತಿಕ್ಕುವಾಗ, ಅಕ್ಕಿ ತೊಳೆಯುವಾಗ ಇದೊಂದೇ ಪ್ರಶ್ನೆ ಅವಳನ್ನು ತಿನ್ನುತ್ತಿತ್ತು. ಕೇಕ್ ತರುವ ಹುಡುಗ ಸಾಯಲು ಹೊರಡುತ್ತಾನೆಯೇ ಎಂದು ಒಮ್ಮೆ ಧೈರ್ಯ ಬರುತ್ತಿತ್ತು. ಮನೆ ಹತ್ತಿರ ಬರುತ್ತಿದ್ದ ಹಾಗೆ ಹೊಸ್ತಿಲಿನ ಮಾತು ನೆನಪಾಗಿ ಕೈ ಸಡಿಲವಾಯಿತೋ ಏನೋ ಎಂದು ಮರುಗಳಿಗೆಯಲ್ಲೇ ಆ ಧೈರ್ಯ ಕುಸಿಯುತ್ತಿತ್ತು.

ವರ್ಷ ತುಂಬುತ್ತ ಬಂತು. ತೀರಿಕೊಂಡವರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಹಾಕಿ ಸ್ವಲ್ಪ ಹೊತ್ತು ಹೊರಗೆ ಕಾಯುವುದು ಅವರ ಕ್ರಮ. ವರ್ಷದ ಬಡಿಸುವಿಕೆಯಲ್ಲಿ ಹೊಸದಾಗಿ ಹೋದವರನ್ನು ಹಿರಿಯರ ಸಾಲಿಗೆ ಸೇರಿಸಬೇಕು. ಅದನ್ನು ಮುಂಚಿತವಾಗಿ ಮಾತಾಡಿಕೊಳ್ಳಲು ಡೊಂಬಿವಲಿಯಿಂದ ಬಂದ ಕಮಲಾಕ್ಷ ಕುರ್ಚಿಯಲ್ಲಿ ಕುಳಿತು ಗಂಟಲು ಸರಿ ಮಾಡಿಕೊಂಡ. ಮುಂಬಯಿಗೆ ಬಂದು ಮೂವತ್ತು ವರ್ಷವಾದರೂ ಮನೆತನದ ಕಟ್ಟುಕಟ್ಟಳೆಯೆಲ್ಲ ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

"ತಾನಾಗಿ ಬಿಟ್ಟು ಹೋದವನನ್ನು ಸಾಲಿಗೆ ಕರೆಯುವ ಕ್ರಮ ನಮ್ಮಲ್ಲಿ ಇಲ್ಲ, ಚೆನ್ನಯ. ಎಲೆ ಹಾಕುವ, ಬೇಡ ಹೇಳುದಿಲ್ಲ. ಆದ್ರೆ ಹೊರಗೆ ಹಾಕುವ. ಹೊಸ್ತಿಲಿನ ಆಚೆ."

ಹೊಸ್ತಿಲು ಎಂಬ ಮಾತು ಚೆನ್ನಯನಿಗೆ ಎಲ್ಲಿ ತಾಗಿತೆಂದು ಬಾಗಿಗೆ ಗೊತ್ತು. ಅವಳಿಗೆ ಸಿಟ್ಟು ಬಂತು. ಸತ್ತ ಮಗನನ್ನು ಎರಡನೆಯ ಸಲ ಹೊರಗೆ ನಿಲ್ಲಿಸುವುದೆಂದರೆ ಏನು?

"ಎಲೆಗೆ ಕೇಕ್ ಬಡಿಸ್ಬೇಕು," ಎಂದಳು. "ಅವ ತರ್ತಾ ಇದ್ದದ್ದು ಅದೇ."

"ಬೇಕರಿಯದ್ದನ್ನು ಎಲೆಗೆ ಹಾಕ್ಲಿಕ್ಕೆ ಉಂಟಾ ಬಾಗಿ? ಮನೆಯ ಒಲೆಯಲ್ಲಿ, ಮನೆಯವರ ಕೈಯಲ್ಲಿ ಆದದ್ದೇ ಆಗ್ಬೇಕು."

"ಆಯ್ತು. ಮನೆಯಲ್ಲೇ ಮಾಡ್ತೇನೆ."

ಹೀಗೆ, ಹುಟ್ಟಿದಾರಭ್ಯ ಕೇಕಿನ ಹಿಟ್ಟು ಕಣ್ಣಿನಿಂದ ನೋಡದ ಬಾಗಿ, ಸ್ಟಿಕರಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದಳು. ಪ್ರೇಕ್ಷಾ ಶನಿವಾರ ಮಧ್ಯಾಹ್ನ ಮನೆಯಲ್ಲಿ ಕಲಿಸುತ್ತಾಳೆಂದು ತಿಳಿಯಿತು. ಯಾರು, ಏಕೆ ಎಂದು ಬಾಗಿ ಹೇಳಲಿಲ್ಲ. ಹೇಳಿದರೆ ಕ್ಲಾಸ್ ಹೋಗಿ ಅಳುವ ಕೂಟ ಆಗುತ್ತದೆ. ಅವಳಿಗೆ ಅಳು ಸಾಕಾಗಿತ್ತು, ಕೇಕ್ ಬೇಕಾಗಿತ್ತು.

ಪ್ರೇಕ್ಷಾ ಮುಂಬಯಿಯಲ್ಲೇ ಹುಟ್ಟಿ ಬೆಳೆದ ಉಡುಪಿ ಕಡೆಯ ಹುಡುಗಿ. ಚುರುಕು ಬಾಯಿ, ಮೊಣಕೈವರೆಗೆ ಮೈದಾ, ಒಲೆಯ ತಗಡು ತಾಗಿದ ಸುಟ್ಟ ಗೀರುಗಳು. ಕಲಿಯಲು ಬಂದವರು ಮೂವರು. ಸ್ನೇಹಲ್ ಎಂಬ ಕಾಲೇಜು ಹುಡುಗಿ ವಿಡಿಯೋ ನೋಡಿ ನೋಡಿ ಅರ್ಧ ಪಂಡಿತೆಯಾದವಳು, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುವವಳು. ವಿಜಯಪುರದ ಕಡೆಯ ಗುರಮ್ಮ ಕಲ್ಯಾಣದಿಂದ ಬರುತ್ತಿದ್ದಳು. ಮೊಮ್ಮಗಳು ಹೊರಗಿನ ಕೇಕ್ ತಿಂದು ಬಂದಾಗಲೆಲ್ಲ ಅದರಲ್ಲಿ ತತ್ತಿ ಇತ್ತೋ ಇಲ್ಲವೋ ಎಂಬ ಸಂಶಯ ಅವಳನ್ನು ಕೊಲ್ಲುತ್ತಿತ್ತು. ಮೂರನೆಯವಳು ಬಾಗಿ.

ಬಾಗಿಗೆ ಕೇಕ್ ಒಲಿಯಲಿಲ್ಲ. ಜೀವನವಿಡೀ ಉದ್ದಿನ ಹಿಟ್ಟು ಕಲಸಿದ ಕೈ, ಮೈದಾವನ್ನೂ ಹಾಗೆಯೇ ತಿರುವಿ ತಿರುವಿ ಹಾಕಿತು. ಮೊದಲ ಶನಿವಾರದ ಕೇಕ್ ರಬ್ಬರಾಯಿತು.

"ಆಂಟಿ, ದೋಸೆ ಹಿಟ್ಟಲ್ಲ ಇದು! ಮೆಲ್ಲ, ಮೆಲ್ಲ. ಕೆಳಗಿಂದ ಎತ್ತಿ ಮೇಲೆ ಮಡಚಿ ಬಿಡಿ, ಸಾಕು," ಎಂದು ಪ್ರೇಕ್ಷಾ ಅವಳ ಕೈ ಹಿಡಿದು ತೋರಿಸಿದಳು. "ಯಾರಿಗೆ ಮಾಡ್ಲಿಕ್ಕೆ ಇಷ್ಟು ಅರ್ಜೆಂಟು?"

"ಮಗನಿಗೆ."

"ಲಕ್ಕಿ ಮಗ," ಎಂದಳು ಪ್ರೇಕ್ಷಾ.

ಬಾಗಿ ಹಿಟ್ಟಿನ ಮೇಲೆ ಬಗ್ಗಿದಳು. ಆ ಹುಡುಗಿಯ ಮೇಲೆ ಅವಳಿಗೆ ಪ್ರೀತಿಯೇ ಬಂದುಬಿಟ್ಟಿತ್ತು. ಸೂರಜ್ ಕೊನೆಗೆ ಮಾತಾಡಿದವರಲ್ಲಿ ಇವಳೂ ಒಬ್ಬಳು, ಇದೇ ಬಾಗಿಲಲ್ಲಿ ಅವನು ಬೂಟು ಬಿಚ್ಚಿರಬೇಕು, ಎಂದೆಲ್ಲ ಅನ್ನಿಸುತ್ತಿತ್ತು. ಓವನ್ ಇಲ್ಲದವರಿಗೆ ಕುಕ್ಕರಿನಲ್ಲಿ ಮಾಡುವುದನ್ನೂ ಪ್ರೇಕ್ಷಾ ಕಲಿಸಿದಳು. ತಳದಲ್ಲಿ ಉಪ್ಪು ಹರಡಿ, ವಿಸಿಲ್ಲು, ರಬ್ಬರು ಎರಡನ್ನೂ ತೆಗೆದು, ಸಣ್ಣ ಉರಿಯಲ್ಲಿ ಇಡಬೇಕು. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟದೆ ಬಂದಾಗ ಆಯಿತು ಎಂದು ಅರ್ಥ. ಮನೆಯಲ್ಲಿ ಬಾಗಿ ಮಾಡಿದ್ದು ಒಂದು ನಡುವೆ ಕುಸಿಯಿತು, ಒಂದು ತಳ ಹಿಡಿಯಿತು. ಚೆನ್ನಯ ಒಂದು ಮಾತೂ ಆಡದೆ ಕಪ್ಪಾದ ಕುಕ್ಕರನ್ನು ತಿಕ್ಕಿ ಇಡುತ್ತಿದ್ದ. ಅದೊಂದೇ ಅವನ ಕಡೆಯ ಸಹಾಯ.

ಕೊನೆಯ ಶನಿವಾರ ಕ್ರೀಮು ಹಚ್ಚುವುದು, ಡಬ್ಬಿಗೆ ಹಾಕುವುದು. ಬಾಗಿಯ ಅನಾನಸ್ ಕೇಕ್ ಹೇಗೋ ನೆಟ್ಟಗೆ ನಿಂತಿತ್ತು. ಒಂದು ಬದಿ ಚೂರು ತಗ್ಗು, ಆದರೂ ಕೇಕ್ ಎನ್ನಬಹುದು. ಪ್ರೇಕ್ಷಾ ಡಬ್ಬಿಗೆ ರಿಬ್ಬನ್ ಕಟ್ಟಿ ಎರಡು ಅಂಗೈ ಚಾಚಿ ತೋರಿಸಿದಳು.

"ಇಷ್ಟೆಲ್ಲ ಕಲ್ತು ದಾರಿಯಲ್ಲಿ ಹಾಳು ಮಾಡ್ಬೇಡಿ ಮತ್ತೆ. ಚೀಲದಲ್ಲಿ ನೇತು ಹಾಕಿದ್ರೆ ಕ್ರೀಮ್ ಎಲ್ಲ ಒಂದು ಸೈಡಿಗೆ ಬರ್ತದೆ. ಎರಡು ಕೈ. ಒಂದು ಅಡಿಗೆ, ಒಂದು ಪಕ್ಕಕ್ಕೆ. ಎಲ್ಲ ಕಸ್ಟಮರಿಗೂ ನಾನು ಹೇಳುದೇ ಇದು."

"ಟ್ರೇನಿನ್ಯಾಗ ಹ್ಯಾಂಗ್ರಿ? ಗರ್ದಿ ಇದ್ರ?" ಎಂದು ಗುರಮ್ಮ ಕೇಳಿದಳು.

"ಟ್ರೇನಲ್ಲೂ ಅಷ್ಟೇ ಗುರಮ್ಮ ಆಂಟಿ. ಹೋದ ನ್ಯೂ ಇಯರಿಗೆ ಒಬ್ಬ ಹುಡುಗ ಬಂದಿದ್ದ, ಇಲ್ಲೇ ರಕ್ತ ಚೆಕ್ ಮಾಡುವ ಲ್ಯಾಬಿನವ. ಬಾಗಿ ಆಂಟಿ, ನಿಮ್ಮ ಕಳವಾ ಕಡೆಯವನೇ. ಕೇಕ್ ಮೇಲೆ ಅಪ್ಪೆ ಅಂತ ಬರೀರಿ ಅಂದ. ಅಮ್ಮ, ಮಮ್ಮಿ, ಆಯಿ, ಎಲ್ಲ ಬರ್ದಿದ್ದೇನೆ. ತುಳುವಲ್ಲಿ ಅಪ್ಪೆ ಅಂತ ಬರ್ದದ್ದು ಅದೇ ಫಸ್ಟ್. ಗರ್ದಿ ಟೈಮಲ್ಲಿ ಕಳವಾಕ್ಕೆ ಹ್ಯಾಗೆ ಒಯ್ತೀ ಮಾರಾಯ, ಅಪ್ಪೆ ಅಂತ ಬರ್ದದ್ದು ಅಳ್ಸಿ ಹೋದ್ರೆ ನಾನು ಜವಾಬ್ದಾರಿ ಅಲ್ಲ, ಎರಡು ಕೈ ಬಿಡುದಿಲ್ಲ ಅಂತ ಪ್ರಾಮಿಸ್ ಮಾಡು ಅಂದೆ. 'ದಿನಾ ರಕ್ತ ತರುವವ ನಾನು, ಒಂದು ತೊಟ್ಟು ಅಲುಗುದಿಲ್ಲ' ಅಂತ ನಕ್ಕ. ಪ್ರಾಮಿಸೂ ಮಾಡ್ದ. ಬಾಲ್ಕನಿಯಿಂದ ನೋಡ್ದೆ, ಗೇಟ್ ದಾಟುವವರೆಗೂ ಎರಡೂ ಕೈಯಲ್ಲೇ ಹಿಡ್ಕೊಂಡಿದ್ದ." ಅವಳು ರಿಬ್ಬನಿನ ತುದಿ ಕತ್ತರಿಸಿದಳು. "ಆದ್ರೆ ನೋಡಿ, ಫೋಟೋ ಕಳ್ಸು ಅಂದಿದ್ದೆ. ಕಳ್ಸಲೇ ಇಲ್ಲ. ಕೆಲಸ ಆದ್ಮೇಲೆ ಯಾರಿಗೆ ನೆನಪು!"

ಬಾಗಿ ಸ್ಟೂಲಿನ ಮೇಲೆ ಕುಳಿತೇ ಇದ್ದಳು. ಸೂರಜನ ಕೈ ಅವಳ ಕಣ್ಣಿಗೆ ಕಟ್ಟಿತು, ಒಂದು ಅಡಿಗೆ, ಒಂದು ಪಕ್ಕಕ್ಕೆ. ಚಿಕ್ಕಂದಿನಲ್ಲಿ ಪಕ್ಕದ ಮನೆಯಿಂದ ಮಜ್ಜಿಗೆ ತರಲು ಕಳಿಸಿದರೆ ಲೋಟವನ್ನೇ ನೋಡುತ್ತ, ಇರುವೆ ನಡೆದ ಹಾಗೆ ನಡೆದು ಬರುತ್ತಿದ್ದ ಹುಡುಗ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಜಯೇಶನಿಗೆ ಮುಖ ಮಾತ್ರ ಕಂಡಿತ್ತು. ಕೆಳಗೆ ಎರಡು ಕೈಯೂ ಡಬ್ಬಿಯ ಮೇಲಿದ್ದವು.

ಎದ್ದು ಪ್ರೇಕ್ಷಾಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ಅವಳಿಗೆ. ಒಂದು ಕೇಕ್, ಒಂದು ಯಃಕಶ್ಚಿತ್ ಕೇಕ್, ವಾಲಿದರೆ ಏನಾಗುತ್ತಿತ್ತು? ಅಪ್ಪೆ ಎಂಬ ಅಕ್ಷರ ಅಳಿಸಿದರೆ ಅಪ್ಪೆ ಸಾಯುತ್ತಿದ್ದಳೇ? ಹೇಳಿಬಿಡಲೆಂದು ಬಾಯಿ ತೆರೆದಳು. ಪ್ರೇಕ್ಷಾ ತನ್ನ ಪಾಡಿಗೆ ಸ್ಟಿಕರ್ ಅಂಟಿಸುತ್ತಿದ್ದಳು, ಹಿಟ್ಟು ಸೋಸಿ ಹಾಕಿ ಎಂದು ಹೇಳುವ ದನಿಯಲ್ಲೇ ಅಷ್ಟೂ ಹೇಳಿ ಮುಗಿಸಿದ್ದಳು. ಬಾಯಿ ತಪ್ಪಿ ಬಂದ ಒಂದು ಮಾತು ಒಬ್ಬ ಮನುಷ್ಯನನ್ನು ಏನು ಮಾಡುತ್ತದೆಂದು ಬಾಗಿ ವರ್ಷವಿಡೀ ಮನೆಯಲ್ಲಿ ನೋಡಿದ್ದಳು. ಈಗ ಇನ್ನೊಬ್ಬರನ್ನು ಅದೇ ಗೋಡೆಗೆ ಒರಗಿಸಿ ಕೂರಿಸುವುದೇ? ಅವಳು ಬಾಯಿ ಮುಚ್ಚಿದಳು.

"ಆಂಟಿ, ನೀವಾದ್ರೂ ಫೋಟೋ ಕಳ್ಸಿ ಆಯ್ತಾ," ಎಂದಳು ಪ್ರೇಕ್ಷಾ. ಬಾಗಿ ಹೂಂ ಎಂದಳು.

ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದಳು. ಬಾಲ್ಕನಿಯಿಂದ ಪ್ರೇಕ್ಷಾ ಕೈ ಬೀಸಿದಳು. ಗೇಟ್ ದಾಟಿ ತಿರುವು ಬಂದದ್ದೇ ಬಾಗಿ ಡಬ್ಬಿಯನ್ನು ಬಟ್ಟೆಯ ಚೀಲಕ್ಕೆ ಹಾಗೇ ತುರುಕಿ ಮಣಿಕಟ್ಟಿಗೆ ಸಿಕ್ಕಿಸಿಕೊಂಡಳು. ಠಾಣೆಯವರೆಗೂ, ಠಾಣೆಯಲ್ಲಿ ಗಾಡಿ ಬದಲಿಸಿ ಕಳವಾ ತನಕವೂ, ಸೀಟು ಸಿಕ್ಕರೂ ಕುಳಿತುಕೊಳ್ಳದೆ ರಾಡ್ ಹಿಡಿದು ನಿಂತಳು. ಹಿನ್ನೀರಿನ ಖಾಡಿಯ ಸೇತುವೆ ಬಂದಾಗ ಕಣ್ಣು ಮುಚ್ಚಿದಳು. ರಾಡ್ ಬಿಡಲಿಲ್ಲ.

ಮನೆಯಲ್ಲಿ ಚೆನ್ನಯ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಎತ್ತಿದ. ಕ್ರೀಮೆಲ್ಲ ಒಂದು ಗೋಡೆಗೆ ಮೆತ್ತಿಕೊಂಡು ಕೇಕ್ ಒಡೆದು ಬಿದ್ದಿತ್ತು.

"ಎಂತ ಇದು? ಇಷ್ಟು ಕಷ್ಟಪಟ್ಟು ಮಾಡಿ ಹೀಗೆ ತಂದದ್ದಾ?"

"ರಾಡ್ ಹಿಡ್ಕೊಂಡಿದ್ದೆ," ಎಂದಳು ಬಾಗಿ.

ಅವನಿಗೆ ಅರ್ಥವಾಗಲಿಲ್ಲ. ಅವಳು ಅವನನ್ನು ಕುಳ್ಳಿರಿಸಿ, ಪ್ರೇಕ್ಷಾ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಕೈ ಹೇಗೆ ಹಿಡಿಯಬೇಕೆಂದು ಖಾಲಿ ಕೈಯಲ್ಲಿ ತೋರಿಸಿದಳು. ಚೆನ್ನಯ ಆ ಕೈಗಳನ್ನೇ ನೋಡುತ್ತಿದ್ದ.

"ಹಾಗಾದ್ರೆ ಅವ ಬಿಟ್ಟದ್ದಲ್ಲ?"

"ಅಲ್ಲ. ನಿಮ್ಮ ಮಾತಿಗಲ್ಲ. ಅವ ಮನೆಗೇ ಬರ್ತಾ ಇದ್ದ."

ಒಂದು ವರ್ಷದಿಂದ ಅಳದ ಮನುಷ್ಯ ಅಂದು ಅತ್ತ. ಪಕ್ಕದ ಖೋಲಿಯ ಮನೆಯವರು ಬಂದು ಬಾಗಿಲಲ್ಲಿ ಇಣುಕಿ ಹೋದರು. ಅತ್ತು ಅತ್ತು ಮುಖ ಒರೆಸಿಕೊಂಡ ಮೇಲೆ ಅವನು, ಯಾರನ್ನೂ ದೂರುವ ದನಿಯಲ್ಲಲ್ಲ, ಸುಮ್ಮನೆ ನೆನಪಾದವನ ಹಾಗೆ, "ಆ ತಾರೀಖು ನಿಜಕ್ಕೂ ನಿನ್ನದೇ ಅಲ್ಲ ಅಲ್ವಾ ಬಾಗಿ. ಸುಮ್ಮನೆ ಯಾರೋ ಬರ್ದದ್ದು," ಎಂದ.

ಬಾಗಿಗೆ ಅದು ರೈಲಿನಲ್ಲೇ ಹೊಳೆದಿತ್ತು. ಗಂಡನ ಎದೆಯ ಮೇಲಿನ ಕಲ್ಲನ್ನು ಎತ್ತಿದರೆ ಅದನ್ನು ಇಡಲು ತನ್ನ ಎದೆಯೊಂದೇ ಇರುವುದು ಎಂದು ತಿಳಿದೇ ಅವಳು ಹೇಳಿದ್ದಳು. ಕ್ಯಾಂಪಿನಲ್ಲಿ ಕುಳಿತವನು ಒತ್ತಿದಾಗ ಬೇಡ, ನಾನು ಆಟಿಯಲ್ಲಿ ಹುಟ್ಟಿದವಳು ಎಂದು ಒಂದು ಮಾತು ಹೇಳಿದ್ದರೆ? ಹೇಳಲು ನಾಚಿಕೆಯಾಗಿತ್ತು. ತನ್ನದಲ್ಲದ ಹುಟ್ಟಿದ ದಿನಕ್ಕೆ ತನ್ನ ಮಗ ಹೋದ. ಅವಳು ಎದ್ದು, ಒಡೆದ ಕೇಕನ್ನು ಡಬ್ಬಿಯ ಸಮೇತ ಕಸಕ್ಕೆ ಹಾಕಿದಳು.

ಬಡಿಸುವ ದಿನ ಕಮಲಾಕ್ಷ ಬೆಳಿಗ್ಗೆಯೇ ಬಂದ. ಎಲ್ಲ ಕೇಳಿಕೊಂಡು, ಒಮ್ಮೆ ಗಂಟಲು ಸರಿ ಮಾಡಿ, ಎಲೆ ಒಳಗೇ ಹಾಕುವ, ಹಿರಿಯರ ಪಕ್ಕದಲ್ಲೇ, ಎಂದ. ಒಳಕೋಣೆಯನ್ನು ತೊಳೆದು ಎಲೆಗಳನ್ನು ಹಾಸಿದರು. ಬಂಗುಡೆ ಸಾರು, ಕೋಳಿ, ರೊಟ್ಟಿ, ಒಂದು ಲೋಟ ಚಾ, ಹೊಸ ಅಂಗಿ. ಸೂರಜನ ಎಲೆಯ ಬಲ ತುದಿಯಲ್ಲಿ ಕೇಕಿಗೆಂದು ಜಾಗ ಬಿಟ್ಟಿದ್ದರು. ಬಾಗಿ ಬೆಳಗಿನಿಂದ ಏನೂ ತಿನ್ನದೆ, ಮೆಲ್ಲ ಮೆಲ್ಲ ಮಡಚಿ, ಕುಕ್ಕರಿನಲ್ಲಿ ಬೇಯಿಸಿದ್ದಳು. ಈ ಸಲ ಅದು ಕುಸಿದಿರಲಿಲ್ಲ, ತಳ ಹಿಡಿದಿರಲಿಲ್ಲ. ಬಿಳಿ ಕ್ರೀಮು, ಮೇಲೆ ಅನಾನಸಿನ ಚೂರು. ಅವಳ ಕೈಯಲ್ಲಿ ಇಷ್ಟು ಒಳ್ಳೆಯ ಕೇಕ್ ಹಿಂದೆ ಆಗಿರಲಿಲ್ಲ.

ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅವಳು ಅಡುಗೆಮನೆಯಿಂದ ಬಂದಳು. ಕಣ್ಣು ಕೇಕಿನ ಮೇಲೆಯೇ ಇತ್ತು. ಒಳಕೋಣೆಯ ಹೊಸ್ತಿಲು ದಾಟಲು ಕಾಲೆತ್ತಿದಾಗ ಸೀರೆಯ ನೆರಿಗೆ ಸಿಕ್ಕಿತು, ತೊಳೆದ ನೆಲ ಜಾರಿತು.

"ಬಿಡು!" ಎಂದು ಚೆನ್ನಯ ಕಿರುಚಿದ. ಬಾಗಿ ಅವನ ಅಂಥ ದನಿ ಎಂದೂ ಕೇಳಿರಲಿಲ್ಲ. "ಕೇಕ್ ಬಿಡು! ಬೀಳ್ಲಿ ಅದು! ನೀನು ಹಿಡ್ಕೊ, ಹಿಡ್ಕೊ!"

ಅವನು ಕೂಗಿದ್ದು ತನ್ನೊಬ್ಬಳಿಗೇ ಅಲ್ಲವೆಂದು ಅವಳಿಗೆ ಗೊತ್ತಾಯಿತು. ಅವಳು ತಟ್ಟೆ ಬಿಟ್ಟಳು. ಎರಡೂ ಕೈಯಲ್ಲಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. ಕೇಕ್ ಹೊಸ್ತಿಲಿನ ಮೇಲೆ ಮಗುಚಿ ಬಿದ್ದು ಕ್ರೀಮು ಅವಳ ಪಾದಕ್ಕೆ ಸಿಡಿಯಿತು.

ಕಮಲಾಕ್ಷ ಛೆ ಎಂದ. ಬಿದ್ದದ್ದನ್ನು ಎಲೆಗೆ ಹಾಕುವಂತಿಲ್ಲ ಎಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಚೆನ್ನಯ ಬಂದು ಹೆಂಡತಿಯ ತೋಳು ಹಿಡಿದು ನಿಲ್ಲಿಸಿದ. ನೆಲದ ಮೇಲಿದ್ದುದನ್ನು ನೋಡಿ, "ಹೀಗೇ ಆಗ್ಬೇಕಿತ್ತು ಬಾಗಿ," ಎಂದ. "ಅವತ್ತು ಹೀಗೇ ಆಗ್ಬೇಕಿತ್ತು."

ಅವನೇ ಬಗ್ಗಿ ಹೊಸ್ತಿಲನ್ನು ಒರೆಸಿದ. ಆಮೇಲೆ ಬಾಗಿಲು ಎಳೆದುಕೊಂಡು ಮೂವರೂ ಹೊರಗೆ ಕುಳಿತರು. ಒಳಗೆ ಸೂರಜನ ಎಲೆಯ ಬಲ ತುದಿ ಖಾಲಿ ಇತ್ತು.